ಮಿಣುಕದೆ ಹೋದ ಚುಕ್ಕಿ

ಹಳೆಯ ಫ್ಲಾಸ್ಕಿನ ಮುಚ್ಚಳ ತೆಗೆದಾಗ ಬರುವ ವಾಸನೆ ನಿಮಗೂ ಗೊತ್ತಿರಬಹುದು. ಎಷ್ಟು ತೊಳೆದರೂ ಹೋಗುವುದಿಲ್ಲ. ಬಿಸಿಹಾಲು, ಆಸ್ಪತ್ರೆ, ದೂರದ ಬಸ್ ಪ್ರಯಾಣ ಎಲ್ಲ ಅದರಲ್ಲಿ ಸೇರಿಕೊಂಡಿರುತ್ತವೆ. ಮೊನ್ನೆ ಹೆಂಡತಿ ಮೇಲಿನ ಕಪಾಟು ಖಾಲಿ ಮಾಡುವಾಗ ಅಂಥದ್ದೊಂದನ್ನು ಇಳಿಸಿ, ಇಡಲೋ ಒಗೆಯಲೋ ಎಂದು ಕೇಳಿದಳು. ಮುಚ್ಚಳ ತಿರುಗಿಸಿ ಮೂಗಿಗೆ ಹಿಡಿದೆ. ಜೀರಿಗೆ ಕಷಾಯದ ವಾಸನೆ. ಅರಬೈಲ್ ಘಟ್ಟದ ತಿರುವೊಂದರಲ್ಲಿ, ಕಾರಿನ ಬಾನೆಟ್ಟಿನ ಮೇಲೆ ಈ ಫ್ಲಾಸ್ಕು ಇಟ್ಟುಕೊಂಡು ನಾವು ಮೂವರು ಆಕಾಶ ನೋಡುತ್ತ ನಿಂತಿದ್ದ ಸಂಜೆ ನೆನಪಾಯಿತು. ಹೆಂಡತಿಗೆ ಉತ್ತರ ಹೇಳುವುದು ಅಲ್ಲಿಗೇ ಉಳಿಯಿತು.

ನಾನು ಯಲ್ಲಾಪುರದಲ್ಲಿ ಕನ್ನಡ ಮಾಸ್ತರ. ಚಂದ್ರನನ್ನು ಮುಖಕ್ಕೂ ಮುಖವನ್ನು ಚಂದ್ರನಿಗೂ ಹೋಲಿಸುವುದನ್ನು ಮಕ್ಕಳಿಗೆ ಕಲಿಸುತ್ತಲೇ ಸರ್ವೀಸು ಮುಗಿಯುತ್ತ ಬಂದಿದೆ. ಆಕಾಶದೊಂದಿಗೆ ನನ್ನ ಸಂಬಂಧ ಅಷ್ಟೇ. ಉಪಗ್ರಹವೆಂದರೆ ಮೇಲೆ ಎಲ್ಲೋ ಒಂದು ಎಂಜಿನ್ನು ಸದಾ ಗುರ್ ಎನ್ನುತ್ತ ಓಡುತ್ತಿರುತ್ತದೆ, ಅದು ನಿಂತ ದಿನ ನಮ್ಮ ತಲೆಯ ಮೇಲೆ ಬೀಳುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ನೀವು ನಗಬಹುದು. ನಾಗವೇಣಿಯೂ ನಕ್ಕಿದ್ದಳು.

ನಾಗವೇಣಿ ನನ್ನ ಚಿಕ್ಕಮ್ಮನ ಮಗಳು. ಉಪಗ್ರಹಗಳನ್ನು ಮೇಲೆ ಕಳಿಸುವುದು ಬೇರೆಯವರ ಕೆಲಸ. ಕಳಿಸಿದ ಮೇಲೆ ಅವು ತಮ್ಮ ದಾರಿಯಲ್ಲೇ ಇವೆಯೇ, ಆರೋಗ್ಯವಾಗಿವೆಯೇ ಎಂದು ನೋಡಿಕೊಳ್ಳುವ ಕೇಂದ್ರದಲ್ಲಿ ಇವಳು ಎಂಜಿನಿಯರು. ನಂಟರಿಗೆ ಇದನ್ನು ಬಿಡಿಸಿ ಹೇಳಿ ಸೋತು, ಕೊನೆಗೆ ಅವಳೇ "ರಾಕೆಟ್ಟಿನ ಆಫೀಸು" ಎಂದು ಹೇಳತೊಡಗಿದ್ದಳು.

ಆ ದಿನ ವಜ್ರಳ್ಳಿಯಲ್ಲಿ, ಹುಡುಗನ ಮನೆಯಲ್ಲಿ, ನನ್ನ ಮಗಳ ನಿಶ್ಚಿತಾರ್ಥ. ಚಳಿಗಾಲ. ನಾಗವೇಣಿ ಹಿಂದಿನ ರಾತ್ರಿಯ ಬಸ್ಸಿಗೆ ಹೊರಟು ಬಂದಿದ್ದಳು. ಒಳ್ಳೆಯ ಸೀರೆ ಉಟ್ಟಿದ್ದಳು, ಕೇಳಿದವರಿಗೆ ಉತ್ತರ ಕೊಡುತ್ತಿದ್ದಳು, ಆದರೆ ಮನಸ್ಸು ಅಲ್ಲಿರಲಿಲ್ಲ. ಗಳಿಗೆಗೊಮ್ಮೆ ಅಂಗಳದ ಮೂಲೆಗೆ ಹೋಗಿ ಫೋನನ್ನು ಮೇಲೆತ್ತಿ ಹಿಡಿಯುವಳು. ಉಂಗುರ ತೊಡಿಸುವ ಹೊತ್ತಿಗೂ ಅವಳು ಅಂಗಳದಲ್ಲೇ ಇದ್ದಳು. ನನ್ನ ಹೆಂಡತಿಗೆ ಬೇಜಾರಾಗಿತ್ತು. ಹುಡುಗನ ಸೋದರಮಾವ, ದೊಡ್ಡ ಕೆಲಸದವರಿಗೆ ಹೀಗೇ ಎಂದು ನಗುತ್ತ ಹೇಳಿದ್ದು ನನ್ನ ಕಿವಿಗೂ ಬಿತ್ತು. ನಾನಂತೂ ಅವಳ ಮನೆಯಲ್ಲಿ ಯಾರಿಗೋ ಹುಷಾರಿಲ್ಲವೇನೋ ಎಂದು ಹೆದರಿದ್ದೆ.

ಊಟವಾದ ಮೇಲೆ ಅವಳು ನನ್ನನ್ನು ಪಕ್ಕಕ್ಕೆ ಕರೆದು, "ಅಣ್ಣಾ, ಸಂಜೆ ಒಳಗೆ ಫೋನ್ ಸಿಗ ಜಾಗಕ್ಕೆ ನನ್ನ ಕರ್ಕಂಡು ಹೋಗ್ತ್ಯಾ?" ಎಂದಳು.

ನಮ್ಮ ಕಡೆಯವರಿಗೆ ಈ ವಿಷಯದಲ್ಲಿ ಒಳ್ಳೆಯ ತಿಳಿವಳಿಕೆಯಿದೆ. ಯಾವ ತಿರುವಿನಲ್ಲಿ ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ, ಯಾವ ಬಂಡೆಯ ಮೇಲೆ ನಿಂತರೆ ಮಾತು ಕಡಿಯುವುದಿಲ್ಲ ಎಂದು ಎಲ್ಲರಿಗೂ ಬಾಯಿಪಾಠ. ಹೆಣ್ಣು ನೋಡಲು ಬಂದವರು ಮನೆಯ ಬಾವಿ ನೋಡುವ ಮೊದಲು ಫೋನ್ ಎಲ್ಲಿ ಹಿಡಿಯುತ್ತದೆ ಎಂದು ಕೇಳುವ ಕಾಲ ಇದು. ಅವಳ ಫೋನಿಗೆ ಗಟ್ಟಿ ಸಿಗ್ನಲ್ ಸಿಗುವುದು ಅರಬೈಲ್ ಘಟ್ಟದ ಒಂದು ತಿರುವಿನಲ್ಲಿ ಎಂದು ನನಗೆ ಗೊತ್ತಿತ್ತು. ಘಟ್ಟದ ಕೆಳಗಿನ ಗೌರತ್ತೆಯನ್ನು ಹೇಗೂ ಮನೆಗೆ ಬಿಡಬೇಕಿತ್ತು. ಗೌರತ್ತೆ ನನ್ನ ಅಪ್ಪನ ತಂಗಿ. ಕಾರು ಹತ್ತಿದರೆ ಹೊಟ್ಟೆ ತೊಳಸುತ್ತದೆಂದು ಮುಂದಿನ ಸೀಟಿನಲ್ಲೇ ಕೂತು, ನಿಂಬೆಹಣ್ಣು ಮೂಸುತ್ತ ಕಣ್ಣು ಮುಚ್ಚಿಕೊಳ್ಳುವ ಹೆಂಗಸು. ಹುಡುಗನ ತಾಯಿ ದಾರಿಗೆಂದು ನಮ್ಮದೇ ಫ್ಲಾಸ್ಕಿನಲ್ಲಿ ಕಷಾಯ ತುಂಬಿ ಕೊಟ್ಟರು. ಮೂವರೂ ಹೊರಟೆವು.

ಇಡಗುಂದಿ ದಾಟುವಷ್ಟರಲ್ಲಿ ನಾಗವೇಣಿ ತಾನಾಗಿಯೇ ಹೇಳಿದಳು. ಅವರು ನೋಡಿಕೊಳ್ಳುವ ಉಪಗ್ರಹಗಳಲ್ಲಿ ಒಂದಕ್ಕೆ ವಯಸ್ಸಾಗಿತ್ತು. ರೇಡಿಯೋ ಅಲೆಗಳನ್ನು ಕೆಳಗೆ ಕಳಿಸಿ, ನೆಲಕ್ಕೆ ತಾಗಿ ಮರಳಿ ಬಂದದ್ದರಿಂದ ಚಿತ್ರ ಮಾಡುವಂಥದು ಅದು. ಹಾಗಾಗಿ ಕತ್ತಲೆಯಲ್ಲೂ ಮೋಡದ ಆಚೆಯಿಂದಲೂ ಅದಕ್ಕೆ ನೆಲ ಕಾಣುತ್ತದೆ. ಆ ಸಂಜೆ ದಕ್ಷಿಣ ಧ್ರುವದ ಹತ್ತಿರ ಅದರ ದಾರಿಗೆ ಅಡ್ಡವಾಗಿ, ಯಾವುದೋ ಕಾಲದಲ್ಲಿ ಯಾರೋ ಹಾರಿಸಿದ ರಾಕೆಟ್ಟಿನ ತುಂಡೊಂದು ಹಾದುಹೋಗುವುದಿತ್ತು. ಎಷ್ಟು ಹತ್ತಿರದಿಂದ ಎಂಬುದನ್ನು ಖಚಿತವಾಗಿ ಹೇಳಲು ಯಾರಿಂದಲೂ ಆಗುವುದಿಲ್ಲವಂತೆ. ಲೆಕ್ಕ ಎಷ್ಟು ಸಲ ಮಾಡಿದರೂ ಒಂದಿಷ್ಟು ಅಂದಾಜು ಉಳಿದೇ ಉಳಿಯುತ್ತದೆ.

ಉಪಗ್ರಹವನ್ನು ಸ್ವಲ್ಪ ಸರಿಸಬಹುದಿತ್ತು. ಆದರೆ ಸರಿಸಲು ಇಂಧನ ಬೇಕು, ಅದರಲ್ಲಿ ತಳದಲ್ಲಿ ಇಷ್ಟೇ ಉಳಿದಿತ್ತು. ಅದನ್ನು ಕೊನೆಗಾಲಕ್ಕೆಂದು ಕಾಯ್ದಿಟ್ಟಿದ್ದರು. ಕೆಲಸ ಮುಗಿದ ಉಪಗ್ರಹವನ್ನು ಕೆಳಗಿಳಿಸಿ, ಗಾಳಿಯ ಉಜ್ಜಾಟಕ್ಕೆ ಸುಟ್ಟುಹೋಗುವಂತೆ ಮಾಡಲು ಅದೇ ಬೇಕು. ಇಲ್ಲವಾದರೆ ಅದೂ ಯಾರ ಮಾತೂ ಕೇಳದ ಇನ್ನೊಂದು ತುಂಡಾಗಿ ಮೇಲೇ ಸುತ್ತುತ್ತದೆ. ಕೇಂದ್ರದಲ್ಲಿ ಎರಡು ಅಭಿಪ್ರಾಯ ಬಂದವು. ಸರಿಸೋಣ ಎಂದರು ಕೆಲವರು. ಬೇಡ, ತಾಗುವುದಿಲ್ಲ ಎಂದು ನಾಗವೇಣಿ ಲೆಕ್ಕ ಮುಂದಿಟ್ಟಳು. ಹಿರಿಯರು ಅವಳ ಮಾತು ಒಪ್ಪಿದರು. ಇನ್ನು ಮಾಡುವುದೇನೂ ಇಲ್ಲ, ನಿಶ್ಚಿತಾರ್ಥಕ್ಕೆ ಹೋಗಿ ಬಾ ಎಂದು ಅವರೇ ಕಳಿಸಿಕೊಟ್ಟಿದ್ದರು.

"ಒಂದ್ವೇಳೆ ತಾಗಿದ್ರೆ?" ಎಂದೆ.

"ತಾಗಿದ್ರೆ ಆನು ಹೇಳಿದ್ದಕ್ಕೇ ತಾಗಿದ್ದು," ಎಂದಳು.

ಕನ್ನಡ ಮಾಸ್ತರನ ತಪ್ಪೆಂದರೆ ಹೆಚ್ಚೆಂದರೆ ಒಂದು ಒತ್ತಕ್ಷರ. ಇಂಥ ಭಾರ ನನಗೆ ಗೊತ್ತಿರಲಿಲ್ಲ.

ತಿರುವಿನಲ್ಲಿ ಕಾರು ನಿಲ್ಲಿಸಿದೆವು. ಬಿಸಿಲು ಇಳಿದಿತ್ತು. ಪಡುವಣ ಕಡೆ ಕಣಿವೆ ಬಾಯ್ದೆರೆದಿತ್ತು, ಅದರಾಚೆ ಬೆಟ್ಟದ ಮೇಲೆ ಬೆಟ್ಟ, ಕೊನೆಗೆ ಸಮುದ್ರವಿರಬೇಕಾದ ಕಡೆ ಬರೀ ಕೆಂಪು. ನಮ್ಮ ಮುಂದೆಯೇ ಲಾರಿಯೊಂದು ಕೆಟ್ಟು ನಿಂತಿತ್ತು. ಹಿಂದೆ ಹಸಿ ಟೊಂಗೆ ಮುರಿದು ಹಾಕಿದ್ದರು, ಚಕ್ರಕ್ಕೆ ದೊಡ್ಡ ಕಲ್ಲು ಕೊಟ್ಟಿದ್ದರು. ನಾಗವೇಣಿಯ ಫೋನಿಗೆ ಸಿಗ್ನಲ್ ಬಂತು, ಆದರೆ ಸುದ್ದಿ ಬಂದಿರಲಿಲ್ಲ. ಉಪಗ್ರಹ ಮುಂದಿನ ಸಲ ನಮ್ಮ ನಿಲ್ದಾಣಕ್ಕೆ ಮಾತಾಡುವವರೆಗೆ ಯಾರಿಗೂ ಏನೂ ತಿಳಿಯುವುದಿಲ್ಲ ಎಂದಳು.

ಗೌರತ್ತೆ ಅಷ್ಟರಲ್ಲಿ ಕಣ್ಣು ಬಿಟ್ಟು, ಎಂತ ತಾಗುವುದು, ಯಾರಿಗೆ ತಾಗುವುದು ಎಂದು ಕೇಳಿದಳು. ಅವಳು ಅರ್ಧ ನಿದ್ದೆಯಲ್ಲೇ ಎಲ್ಲ ಕೇಳಿಸಿಕೊಂಡಿದ್ದಳು. ಮೇಲೆ ಹೋದದ್ದು ಅಲ್ಲೇ ಹೇಗೆ ನಿಂತಿರುತ್ತದೆ ಎಂಬುದು ಅವಳ ಮೊದಲ ಪ್ರಶ್ನೆ. ನನ್ನದೂ ಅದೇ, ನಾನು ಕೇಳಿರಲಿಲ್ಲ ಅಷ್ಟೇ. ಆಗ ನಾನು ನನ್ನ ಗುರ್ ಎನ್ನುವ ಎಂಜಿನ್ನಿನ ಸಿದ್ಧಾಂತ ಮಂಡಿಸಿದೆ. ನಾಗವೇಣಿ ಆ ದಿನ ಮೊದಲ ಬಾರಿಗೆ ನಕ್ಕದ್ದು ಆಗಲೇ.

ಅವಳು ರಸ್ತೆಯ ಬದಿಯಿಂದ ಒಂದು ಕಲ್ಲು ಹೆಕ್ಕಿ ಕಣಿವೆಗೆ ಎಸೆದಳು. ಬಾಗಿ ಹೋಗಿ ಕಾಡಿನಲ್ಲಿ ಬಿತ್ತು. ಇನ್ನೂ ಜೋರಾಗಿ ಎಸೆದರೆ ಅಂಕೋಲೆಯಲ್ಲಿ ಬೀಳುತ್ತದೆ, ಮತ್ತೂ ಜೋರಾಗಿ ಎಸೆದರೆ ಸಮುದ್ರದಲ್ಲಿ ಎಂದಳು. ಭೂಮಿ ಗುಂಡಗಿದೆ. ಗಾಳಿಯಿಲ್ಲದಷ್ಟು ಎತ್ತರದಿಂದ, ಕಲ್ಲು ಬಾಗಿದಷ್ಟೇ ಅದರ ಕೆಳಗೆ ನೆಲವೂ ಬಾಗುವಷ್ಟು ಜೋರಾಗಿ ಎಸೆದರೆ, ಆ ಕಲ್ಲಿಗೆ ನೆಲ ಸಿಗುವುದೇ ಇಲ್ಲ.

"ಅದು ನಿಂತಿದ್ದಲ್ಲ ಅತ್ತೆ. ಬೀಳ್ತಾನೇ ಇರ್ತು. ನೆಲ ಸಿಕ್ತಿಲ್ಲೆ, ಅಷ್ಟೇಯ."

ಈ ಮಾತು ನನ್ನೊಳಗೆ ಏನು ಮಾಡಿತು ಎಂದು ಹೇಳುವುದು ಕಷ್ಟ. ಚಂದ್ರನೂ ಹಾಗೆಯೇ ಬೀಳುತ್ತಿದ್ದಾನೆ ಎಂದಳು. ಎಷ್ಟು ವರ್ಷದಿಂದ ನಾನು ಮಕ್ಕಳಿಗೆ ತಂಪಾದ ಚಂದ್ರ, ಹಾಲಿನಂಥ ಚಂದ್ರ ಎಂದು ಹೇಳುತ್ತಿದ್ದೆನೋ, ಅವನು ಅಷ್ಟೂ ಕಾಲ ನಮ್ಮ ಸುತ್ತ ಬೀಳುತ್ತಲೇ ಇದ್ದ. ನಾನು ಕಾರಿಗೆ ಕೈಯೂರಿ ನಿಂತೆ.

ಆ ತುಂಡನ್ನು ಯಾರೂ ತೆಗೆಯುವುದಿಲ್ಲವೇ ಎಂದು ಗೌರತ್ತೆ ಕೇಳಿದಳು. ನಾಗವೇಣಿ ಲಾರಿಯ ಕಡೆ ನೋಡಿದಳು. ಚಕ್ರಕ್ಕೆ ಕೊಟ್ಟ ಕಲ್ಲಿನ ಕತೆ ನಮ್ಮ ರಸ್ತೆಯಲ್ಲಿ ಓಡಾಡುವವರಿಗೆಲ್ಲ ಗೊತ್ತು. ಲಾರಿ ರಿಪೇರಿಯಾಗಿ ಹೋಗುತ್ತದೆ, ಕಲ್ಲು ರಸ್ತೆಯ ನಡುವೆ ಉಳಿಯುತ್ತದೆ. ಅಂಥ ಒಂದು ಕಲ್ಲಿಗೆ ಸ್ಕೂಟರು ಹೊಡೆದು ನಾನೂ ಒಮ್ಮೆ ಮೊಣಕಾಲು ಒಡೆದುಕೊಂಡಿದ್ದೆ, ಪಂಚೆ ಹರಿದುಕೊಂಡು ಶಾಲೆಗೆ ಹೋಗಿದ್ದೆ. ಮೇಲೂ ಹಾಗೇ ಎಂದಳು ನಾಗವೇಣಿ. ಎಲ್ಲ ದೇಶಗಳೂ ಬಿಟ್ಟು ಬಂದ ಕಲ್ಲುಗಳಿವೆ. ಸತ್ತ ಉಪಗ್ರಹ, ರಾಕೆಟ್ಟಿನ ತುಂಡು, ಬೋಲ್ಟು, ಬಣ್ಣದ ಚಕ್ಕೆ. ವ್ಯತ್ಯಾಸವೆಂದರೆ ಅಲ್ಲಿ ಕಲ್ಲುಗಳೂ ಓಡುತ್ತಿರುತ್ತವೆ, ಬಂದೂಕಿನ ಗುಂಡಿಗಿಂತ ಎಷ್ಟೋ ಪಟ್ಟು ವೇಗದಲ್ಲಿ, ಒಂದಕ್ಕೊಂದು ಅಡ್ಡಡ್ಡ. ದೊಡ್ಡವನ್ನು ರೇಡಾರಿನಿಂದ ಕಾಣಬಹುದು. ಬಟಾಣಿಯಷ್ಟಿನದು ಯಾರಿಗೂ ಕಾಣುವುದಿಲ್ಲ, ಆದರೆ ಅದೂ ಒಂದು ಉಪಗ್ರಹವನ್ನು ಕೊಲ್ಲಬಲ್ಲದು. ಎರಡು ದೊಡ್ಡವು ತಾಗಿದರೆ ಸಾವಿರಾರು ಚೂರು. ಆ ಚೂರುಗಳು ಹೋಗಿ ಇನ್ನೆಷ್ಟನ್ನು ಒಡೆಯುತ್ತವೆಯೋ.

"ನಂಗಳ ಉಪಗ್ರಹ ಹೋದ್ರೆ ಆನು ಅತ್ತು ಸುಮ್ಮನಾಗ್ತೆ," ಎಂದಳು. "ಅದರ ಚೂರು ಬೇರೆಯವರದ್ದನ್ನ ಒಡೆದ್ರೆ ಎಂತ ಮಾಡಲಿ?"

ಗೌರತ್ತೆ ನಿಂಬೆಹಣ್ಣನ್ನು ಮಡಿಲಿಗೆ ಹಾಕಿಕೊಂಡಳು. ಆಮೇಲೆ, ಅದಕ್ಕೆ ಮೋಡದ ಆಚೆಯಿಂದ ಕಾಣುತ್ತದೆ ಎಂದೆಯಲ್ಲ, ಗುಡ್ಡ ಬಿರುಕು ಬಿಟ್ಟ ವರ್ಷ ನಮ್ಮೂರೂ ಕಂಡಿತ್ತೇ ಎಂದು ಕೇಳಿದಳು. ಆ ಮಳೆಗಾಲ ಅವಳ ಊರಿನ ಮೇಲಿನ ಗುಡ್ಡ ಜಾರತೊಡಗಿ, ಎಲ್ಲರನ್ನೂ ಎಬ್ಬಿಸಿ ಶಾಲೆಯಲ್ಲಿ ಇಟ್ಟಿದ್ದರು. ದಿನಗಟ್ಟಲೆ ಮೋಡ ಹರಿಯಲಿಲ್ಲ. ರಸ್ತೆ ಇರಲಿಲ್ಲ, ಫೋನು ಇರಲಿಲ್ಲ. ಈ ಲೋಕದಲ್ಲಿ ನಾವಿದ್ದೇವೆಂದು ಯಾರಿಗೂ ಗೊತ್ತಿಲ್ಲ ಎಂದು ಅನಿಸುತ್ತಿತ್ತೆಂದು ಅವಳು ಆಮೇಲೆ ಎಷ್ಟೋ ಸಲ ಹೇಳಿದ್ದಳು.

"ಕಂಡಿತ್ತು ಅತ್ತೆ," ಎಂದಳು ನಾಗವೇಣಿ. "ಗುಡ್ಡ ಎಲ್ಲೆಲ್ಲಿ ಜರಗಿದ್ದು, ಇದೇ ನೋಡಿ ಹೇಳಿದ್ದು. ಆ ಚಿತ್ರದಲ್ಲಿ ಆನು ನಿಂಗಳ ಮನೆ ಹುಡ್ಕಿದ್ದೆ."

ಗೌರತ್ತೆ ಕಾರಿನಿಂದ ಇಳಿದಳು. ಸೆರಗು ಹೊದ್ದು, ಈಗ ಅದು ಎಲ್ಲಿಂದ ಬರುತ್ತದೆ ಎಂದು ಕೇಳಿದಳು. ಅಪಾಯದ ಜಾಗ ದಾಟಿದ್ದರೆ ಇನ್ನು ಸ್ವಲ್ಪ ಹೊತ್ತಿಗೆ ತೆಂಕಣದಿಂದ ಬಡಗಣಕ್ಕೆ ನಮ್ಮ ಮೇಲೇ ಹಾದುಹೋಗಬೇಕು ಎಂದಳು ನಾಗವೇಣಿ. ನಮಗೆ ಕತ್ತಲಾದರೂ ಆ ಎತ್ತರದಲ್ಲಿ ಇನ್ನೂ ಬಿಸಿಲಿರುತ್ತದೆ, ಆ ಬಿಸಿಲಿಗೆ ಹೊಳೆದರೆ ಕಾಣಲಿಕ್ಕೂ ಸಾಕು, ಕಾಣದೇ ಇರಲಿಕ್ಕೂ ಸಾಕು. ಪೆಟ್ಟು ಬಿದ್ದಿದ್ದರೆ ಅದು ಗಿರಗಿರ ತಿರುಗುತ್ತಿರುತ್ತದೆ, ಬೆಳಕು ಮಿಣುಕುತ್ತದೆ. ಇಷ್ಟು ಹೇಳಿ ಅವಳು ಆಕಾಶಕ್ಕೆ ಬೆನ್ನು ಹಾಕಿ, ತಡೆಗೋಡೆಯ ಮೇಲೆ ಕೂತು ಫೋನನ್ನೇ ನೋಡತೊಡಗಿದಳು.

ಬೆಳ್ಳಿಚುಕ್ಕಿ ಒಂದೇ ಮೂಡಿತ್ತು. ನಾನೂ ಗೌರತ್ತೆಯೂ ತೆಂಕಣ ಬೆಟ್ಟದ ನೆತ್ತಿಯನ್ನೇ ನೋಡುತ್ತ ನಿಂತೆವು. ನನಗೆ ಎರಡು ಸಲ ಬಾವಲಿಯನ್ನು ನೋಡಿಯೂ ಉಪಗ್ರಹವೆನ್ನಿಸಿತು. ಕಡೆಗೆ ಗೌರತ್ತೆ ನಾಗವೇಣಿಯ ಕಡೆ ತಿರುಗಿ ಮೆಲ್ಲಗೆ ಹೇಳಿದಳು.

"ಕೂಸೆ, ಅಲ್ನೋಡು."

ಬೆಟ್ಟದ ಮೇಲಿಂದ ಒಂದು ಚುಕ್ಕಿ ಎದ್ದು ಬರುತ್ತಿತ್ತು. ದೊಡ್ಡದೇನಲ್ಲ. ಸಪ್ಪಳವಿಲ್ಲ. ವಿಮಾನಕ್ಕಿರುವ ಕೆಂಪು ಹಸಿರು ದೀಪವಿಲ್ಲ. ಗೆರೆ ಎಳೆದ ಹಾಗೆ ನೇರವಾಗಿ ಬಂತು. ನಾಗವೇಣಿ ಎದ್ದು ನಿಂತಿದ್ದಳು. ಅವಳ ಕೈ ನನ್ನ ತೋಳು ಹಿಡಿದಿತ್ತು.

"ಮಿಣುಕ್ತಿಲ್ಲೆ ಅಲ್ದಾ ಅಣ್ಣಾ? ಸರಿ ನೋಡು."

ನಾನು ಕನ್ನಡಕ ಒರೆಸಿ ನೋಡಿದೆ. ಜೀವಮಾನದಲ್ಲಿ ಯಾವುದನ್ನೂ ಅಷ್ಟು ಶ್ರದ್ಧೆಯಿಂದ ನೋಡಿರಲಿಲ್ಲ. ಬೆಳಕು ಹೆಚ್ಚಲಿಲ್ಲ, ಕುಗ್ಗಲಿಲ್ಲ. ಮಿಣುಕುತ್ತಿಲ್ಲ ಎಂದೆ. ಅದು ಕಣಿವೆಯ ಮೇಲೆ, ನಮ್ಮ ಮೇಲೆ, ಕೆಟ್ಟ ಲಾರಿಯ ಮೇಲೆ, ಗೌರತ್ತೆಯ ಗುಡ್ಡದ ಮೇಲೆ ಬೀಳುತ್ತ ಬೀಳುತ್ತ ಹೋಯಿತು. ಧ್ರುವದ ಹಿಮದ ಮೇಲೆ ಸಾವನ್ನು ಪಕ್ಕದಲ್ಲೇ ಹಾಯಿಸಿ, ಒಂದು ಸಾಗರ ದಾಟಿ ಬಂದದ್ದು, ಗೌರತ್ತೆ ಬೆರಳೆತ್ತಿ ತೋರಿಸುತ್ತಿದ್ದ ಹಾಗೆಯೇ ಬಡಗಣ ಕಾಡಿನ ಹಿಂದೆ ಇಳಿಯಿತು. ಲಾರಿಯ ಕ್ಲೀನರ್ ಕೂಡ ಏನೆಂದು ಗೊತ್ತಾಗದೆ ನಮ್ಮ ಜೊತೆಗೆ ಮೇಲೆ ನೋಡುತ್ತ ನಿಂತಿದ್ದ.

ಫೋನು ಬಂದದ್ದು ಆಮೇಲೆ. ನಾಗವೇಣಿ ಹ್ಞೂಂ, ಹ್ಞೂಂ ಎಂದಷ್ಟೇ ಹೇಳಿ ಇಟ್ಟು, ಉಪಗ್ರಹ ಮಾತಾಡಿತಂತೆ ಎಂದಳು. ತಡೆಗೋಡೆಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಗೌರತ್ತೆಯೇ ಕಷಾಯ ಬಗ್ಗಿಸಿ ಅವಳ ಕೈಗಿಟ್ಟಳು. ಕುಡಿದು ಮುಗಿಯುವವರೆಗೆ ಕಾದು, ಆ ಇನ್ನೊಂದು ತುಂಡು ಎಂತಾಯಿತು ಎಂದು ಕೇಳಿದಳು. ಅದೂ ತನ್ನ ದಾರಿ ಹಿಡಿದು ಹೋಯಿತು ಎಂದಳು ನಾಗವೇಣಿ.

"ಹಂಗಾರೆ ಮತ್ತೆ ಬತ್ತು," ಎಂದಳು ಗೌರತ್ತೆ, ಅದು ಸುತ್ತಿ ಮರಳಿ ಬರುವುದನ್ನು ಬೆರಳಲ್ಲಿ ತೋರಿಸುತ್ತ.

"ಬತ್ತು ಅತ್ತೆ."

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಮಗಳ ಮದುವೆಯಾಯಿತು. ಹುಡುಗನ ಸೋದರಮಾವ ಈಗ ನಾಗವೇಣಿ ಬಂದಾಗಲೆಲ್ಲ ಆಕಾಶದ ಸುದ್ದಿ ಕೇಳುತ್ತಾರೆ. ಹೋದ ತಿಂಗಳು ಅವಳು ಫೋನು ಮಾಡಿ, ಆ ಉಪಗ್ರಹವನ್ನು ಇಳಿಸಿಬಿಟ್ಟೆವು ಎಂದು ಹೇಳಿದಳು. ಉಳಿಸಿದ್ದ ಇಂಧನ ಸಾಕಾಯಿತಂತೆ. ಸುತ್ತಿನಿಂದ ಸುತ್ತಿಗೆ ತಗ್ಗಿಸುತ್ತ ತಂದು, ದಕ್ಷಿಣದ ಜನವಿಲ್ಲದ ಸಮುದ್ರದ ಮೇಲೆ ಗಾಳಿಗೆ ಒಪ್ಪಿಸಿದರು. ಮುಂದಿನ ನಿಲ್ದಾಣದಲ್ಲಿ ಅದರ ದನಿಗಾಗಿ ಕಾದರು, ಬರಲಿಲ್ಲ, ಸುಟ್ಟುಹೋಗಿತ್ತು. ಹಾಗೆ ಬರದಿದ್ದುದಕ್ಕೆ ಕೋಣೆಯಲ್ಲಿದ್ದವರು ಚಪ್ಪಾಳೆ ತಟ್ಟಿದರಂತೆ. ನಾಗವೇಣಿ ತಟ್ಟಲಿಲ್ಲವಂತೆ.

ಗೌರತ್ತೆಗೆ ನಾನೇ ಹೇಳಿದೆ. ಬೀಳುವಾಗ ಯಾರಿಗೂ ತಾಗಲಿಲ್ಲವಷ್ಟೇ ಎಂದು ಕೇಳಿದಳು. ಇಲ್ಲ ಎಂದೆ. ಬರುವ ಮಳೆಗಾಲಕ್ಕೆ ಗುಡ್ಡ ನೋಡುವವರು ಯಾರು ಎಂದಳು. ಹೊಸದೊಂದು ಮೇಲೆ ಹೋಗಿದೆಯೆಂದು ನಾಗವೇಣಿ ಹೇಳಿದ್ದನ್ನು ತಿಳಿಸಿದ ಮೇಲೆಯೇ ಅವಳಿಗೆ ಸಮಾಧಾನ.

ಫ್ಲಾಸ್ಕು ಮೂಸಿದ ಆ ಸಂಜೆ ನಾನು ಮನೆಯ ಮುಂದಿನ ರಸ್ತೆಗೆ ಬಂದು ನಿಂತೆ. ಬೆಳ್ಳಿ ಮೂಡಿತ್ತು. ತೆಂಕಣದಿಂದ ಬಡಗಣದವರೆಗೆ, ಅದು ಹಾಯುತ್ತಿದ್ದ ಕಡೆ ಎಲ್ಲ ತೆರವಾಗಿತ್ತು. ಎದುರು ಮನೆಗೆ ಹೊಸದಾಗಿ ಬಂದ ಹುಬ್ಬಳ್ಳಿ ಕಡೆಯ ಬಾಡಿಗೆಯವರು ಗೇಟಿನ ಹತ್ತಿರ ನಿಂತು, "ಏನ್ ನೋಡಾಕತ್ತೀರಿ ಸರ?" ಎಂದರು.

"ಏನೂ ಇಲ್ಲರಿ," ಎಂದೆ.

ಅವರೂ ತಲೆಯೆತ್ತಿ ನೋಡಿದರು. ನಿಜವಾಗಿಯೂ ಏನೂ ಇರಲಿಲ್ಲ. ಒಂದು ಚೂರೂ ಇರಲಿಲ್ಲ. ಆಕಾಶವನ್ನು ಹಾಗೆ ಖಾಲಿಯಾಗಿ ಉಳಿಸಲು ಎಷ್ಟು ಜನ ಎಷ್ಟು ಕಾಲ ಕಣ್ಣಿಟ್ಟು ಕೂತಿದ್ದರೆಂದು ಅವರಿಗೆ ಹೇಳಬೇಕೆನಿಸಿತು. ಎಲ್ಲಿಂದ ಶುರು ಮಾಡುವುದೆಂದು ಹುಡುಕುತ್ತ, ಕತ್ತಲೆ ಪೂರ್ತಿ ಕವಿಯುವವರೆಗೆ ಅವರ ಜೊತೆ ಮೇಲೆ ನೋಡುತ್ತ ನಿಂತಿದ್ದೆ.