ಕಾಶಿಗೆ ಹೊರಟ ಶೂ, ಎರಡು ಬಣ್ಣ

ಗೆಳೆಯರೇ, ಇವತ್ತು ನನ್ನ ತಂಗಿಯ ಮದುವೆ ಒಂದು ಜೊತೆ ಶೂವಿನಿಂದ ಕೆಡುವುದರಲ್ಲಿತ್ತು.

ಮಂಚೇನಹಳ್ಳಿಯ ಛತ್ರದ ಮುಂದೆ ಕಾಶಿಯಾತ್ರೆ ಶಾಸ್ತ್ರ. ಕಾಶಿಗೆ ಹೊರಟ ಮದುಮಗನಿಗೆ ಹೆಣ್ಣಿನ ಅಣ್ಣನಾದ ನಾನು ಕೊಡೆ ಹಿಡಿದು, ಹೊಸ ಶೂ ಹಾಕಿಸಿ, ಒಪ್ಪಿಸಿ ವಾಪಸ್ ಕರೆತರಬೇಕು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನೋಡಿ ತಂದಿದ್ದ ದುಬಾರಿ ಚರ್ಮದ ಶೂ. ಬಿಸಿಲಿಗೆ ಬಂದರೆ ಬಲಗಾಲಿನದು ಬೆಲ್ಲದ ಬಣ್ಣ, ಎಡಗಾಲಿನದು ಹುಣಸೆಹಣ್ಣಿನ ಬಣ್ಣ!

ಭಾವನ ತಾಯಿಯ ಕಣ್ಣಿಗೆ ಬಿದ್ದೇ ಬಿತ್ತು. "ಏನಪ್ಪಾ ಇದು, ಬೇರೆ ಬೇರೆ ಜೊತೇದು ತಂದ್ಬಿಟ್ಟಿದ್ದೀಯಾ? ನಮ್ಮ ಹುಡುಗನ್ನ ಏನಂತ ತಿಳ್ಕೊಂಡಿದ್ದೀರಿ?"

ಓಲಗ ನಿಂತಿತು. ನಮ್ಮಪ್ಪ ಬೆವರತೊಡಗಿದರು.

"ಅಸಲಿ ಚರ್ಮ ಅಂದ್ರೆ ಹಂಗೇ ಅಂತೆ ಅಮ್ಮಾ. ಒಂದೊಂದು ತುಂಡು ಒಂದೊಂದು ಥರ ಬಣ್ಣ ಹೀರ್ಕೊಳ್ಳುತ್ತಂತೆ" ಎಂದೆ. ಅದು ನನ್ನ ಕಿವಿಗೇ ಸುಳ್ಳಿನಂತೆ ಕೇಳಿಸಿತು.

ಕುರ್ಚಿಯಲ್ಲಿ ಕೂತಿದ್ದ ಹುಡುಗನ ಅಜ್ಜಿ ಶೂ ತರಿಸಿಕೊಂಡು ಮೂಸಿ ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗಿದರು. "ಚರ್ಮಾನೇ ಕಣೇ. ನೀನು ಹೆತ್ತ ಇಬ್ರು ಗಂಡುಮಕ್ಳೇ ಒಂದು ಬಣ್ಣ ಇಲ್ಲ, ಬೂಟು ಯಾಕ್ ಇರ್ಬೇಕು?"

ಛತ್ರಕ್ಕೆ ಛತ್ರವೇ ನಕ್ಕಿತು, ಬೀಗಿತ್ತಿಯೂ ನಕ್ಕರು. ಭಾವ ಅದೇ ಶೂ ಮೆಟ್ಟಿ ಕಾಶಿ ಬಿಟ್ಟು ಮಂಟಪಕ್ಕೆ ನಡೆದರು. ನನಗೆ ಹೋದ ಜೀವ ಬಂತು.

ಊಟವಾದ ಮೇಲೆ ಭಾವ, ಅವರ ತಮ್ಮ ಇಬ್ಬರೂ ಫೋಟೋಗೆ ನಿಂತರು: ಭಾವ ಬೆಲ್ಲದ ಬಣ್ಣ, ತಮ್ಮ ಹುಣಸೆಹಣ್ಣಿನ ಬಣ್ಣ. ಒಬ್ಬರೂ ಶೂ ನೋಡಲಿಲ್ಲ, ಎಲ್ಲರ ಕಣ್ಣೂ ಇಬ್ಬರ ಮುಖದ ಮೇಲೇ. ನಾನು ಬಚಾವಾದೆ; ಪಾಪ, ಸಿಕ್ಕಿಹಾಕಿಕೊಂಡಿದ್ದು ಭಾವನ ತಮ್ಮ.