ವಿಗ್ರಹ ಪೂರ್ತಿ ಬರಬೇಕು

ಮದ್ರಾಸಿನ ಮೈಲಾಪೂರಿನಲ್ಲಿ ಹೋಟೆಲು ನಡೆಸುವ ನಮ್ಮ ಮಧ್ವರಾಜರು ವರ್ಷಕ್ಕೊಮ್ಮೆ ಗಲ್ಲಾಪೆಟ್ಟಿಗೆಯನ್ನು ತಮ್ಮನಿಗೊಪ್ಪಿಸಿ, ಹೆಂಡತಿ ಗುಣವತಿಯೊಂದಿಗೆ ಕರ್ನಾಟಕ ಸುತ್ತಲು ಹೊರಟರೆಂದರೆ, ನೋಡುವುದಕ್ಕಿಂತ ಫೋಟೋ ಹಿಡಿಯುವುದೇ ಹೆಚ್ಚು. ಅವರ ಶಾಸ್ತ್ರ ಒಂದೇ: ವಿಗ್ರಹದ ನೆತ್ತಿಯಾಗಲಿ ಕಾಲುಗುರಾಗಲಿ ಫೋಟೋದಿಂದ ತಪ್ಪಬಾರದು. ಕಾರ್ಕಳದ ಗೊಮ್ಮಟನ ಮುಂದೆ ಹೆಂಡತಿಯನ್ನು ನಿಲ್ಲಿಸಿ, ಹಿಂದೆ ಹಿಂದೆ ಸರಿಯುತ್ತ ಯಾರದೋ ಕಾಲು ತುಳಿದು, ಬೈಸಿಕೊಂಡು, ಮತ್ತೂ ಸರಿದರು. ಮುರ್ಡೇಶ್ವರದ ಭಾರೀ ಶಿವನ ಮುಂದಂತೂ ಐಸ್‌ಕ್ರೀಮ್ ಗಾಡಿಗಳನ್ನೂ ದಾಟಿದರು. “ಹೀಂಗೇ ಹಿಂದೆ ಹೋದ್ರೆ ಮದ್ರಾಸೇ ಮುಟ್ತ್ರಿ, ಮಾರಾಯ್ರೆ! ನನ್ ಮುಖ ಕಾಣತ್ತಾ?” ಎಂದು ಗುಣವತಿ ಕೂಗಿದರೆ, “ನಿನ್ ಮುಖ ಮನೇಲಿ ದಿನಾ ಕಾಂತೆ ಅಲ್ದಾ? ಶಿವ ಪೂರ್ತಿ ಬರ್ಕ್!” ಎಂಬ ಉತ್ತರ. ಹೀಗೆ ಹನ್ನೆರಡು ವರ್ಷಗಳ ಫೋಟೋಗಳಲ್ಲೆಲ್ಲ ಗುಣವತಿ ಇದ್ದಾರೆ, ಸಾಸಿವೆ ಕಾಳಿನಷ್ಟು. ಕಳೆದ ತಿಂಗಳು ಗುಣವತಿ ತೀರಿಕೊಂಡಾಗ ಗೋಡೆಗೆ ಹಾಕಲು ಒಂದು ಪಟ ಬೇಕಾಯಿತು. ಸ್ಟುಡಿಯೋದವನು ಫೋಟೋಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿ, “ಸಾರ್, ಸಾಮಿ ನಲ್ಲಾ ಇರುಕ್ಕು. ಅಮ್ಮಾ ಮುಖಂ ದಾನ್ ತೆರಿಯಲೆ” ಎಂದ. ದೇವರು ಚೆನ್ನಾಗಿ ಬಂದಿದ್ದಾನೆ, ಅಮ್ಮನ ಮುಖವೇ ಕಾಣುತ್ತಿಲ್ಲ. ಮಧ್ವರಾಜರು ಶಿವನನ್ನು ಪೂರ್ತಿ ಕತ್ತರಿಸಿಬಿಡಲು ಹೇಳಿದರು. ಎಷ್ಟು ಮಸುಕಾದರೂ ಚಿಂತೆಯಿಲ್ಲ, ಅವಳೊಬ್ಬಳು ಬಂದರೆ ಸಾಕು.