ಶನಿವಾರದ ಸೋಲು, ಸೋಮವಾರದ ಆಂಟೆನಾ

ಆಗೆಲ್ಲ ಶನಿವಾರ ನಡೆದ ಫುಟ್ಬಾಲ್ ಮ್ಯಾಚು ಸೋಮವಾರದ ತನಕ ಮುಗೀತಿರ್ಲಿಲ್ಲ. ಇಂಗ್ಲೆಂಡಿನಲ್ಲಿ ಅವರು ಆಡಿ, ಸ್ನಾನ ಮಾಡಿ, ಮಲಗಿ ಎದ್ದಿದ್ರೂ ಕುವೈತಿನ ನಮ್ಮ ಟಿವಿಯಲ್ಲಿ ಅದು ಬರ್ತಿದ್ದದ್ದು ಸೋಮವಾರ ಸಂಜೆ. ಅಷ್ಟರವರೆಗೆ ನಮ್ಮ ಫ್ಲಾಟಿನಲ್ಲಿ ಪೇಪರ್ ಬಿಡಿಸ್ಲಿಕ್ಕಿಲ್ಲ, ರೇಡಿಯೋ ಕಿವಿ ತಿರುಪ್ಲಿಕ್ಕಿಲ್ಲ. ಏಕಾದಶಿ ಉಪವಾಸ ಮುರಿದ್ರೂ ನಡೀತಿತ್ತು, ಇದನ್ನು ಮುರಿದ್ರೆ ಸಂಜೀವ ಮಾವ ಬಿಡ್ತಿರ್ಲಿಲ್ಲ. ನೀವೂ ಗಲ್ಫಿನಲ್ಲಿ ಬೆಳೆದವರಾದ್ರೆ ನಿಮ್ಮ ಮನೆಯಲ್ಲೂ ಇಂಥ ಒಬ್ಬರು ಇದ್ದಿರ್ತಾರೆ. ನನ್ನಂಥ ಪೋಕ್ರಿ ಮಾತ್ರ ಇದ್ದಿರ್ಲಿಕ್ಕಿಲ್ಲ, ಅದು ಬಿಡಿ.

ಮಾವ ಅಂದ್ರೆ ಅಮ್ಮನ ತಮ್ಮ. ಶುವೈಖಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಮದುವೆ ಆಗಿರ್ಲಿಲ್ಲ, ನಮ್ಮ ಜೊತೆಗೇ ಇದ್ದದ್ದು. ಎಷ್ಟು ಸೋಪು ಹಾಕಿದ್ರೂ ಮೈಯಿಂದ ಗ್ರೀಸಿನ ವಾಸನೆ ಹೋಗ್ತಿರ್ಲಿಲ್ಲ. ಅವರ ಕೈಯಲ್ಲಿ ಕಾರು ರಿಪೇರಿ ಮಾಡಿಸ್ತಿದ್ದ ಒಬ್ಬ ಇಂಗ್ಲಿಷ್ ದೊರೆ, ಊರಿಗೆ ಹೋಗುವಾಗ ಕೆಂಪು-ಬಿಳಿ ಪಟ್ಟೆಯ ಉಣ್ಣೆ ಮಫ್ಲರ್ ಕೊಟ್ಟು ಹೋದ. ಅವನ ಊರಿನ ಫುಟ್ಬಾಲ್ ಕ್ಲಬ್ಬಿನದ್ದು. ಅಂದಿನಿಂದ ಆ ಕ್ಲಬ್ಬು ಮಾವನದ್ದೇ. ಗಿರಣಿ ಕೆಲಸದವರು ಸೇರಿ ಅದನ್ನು ಕಟ್ಟಿದ್ದು, ಒಂದೇ ಒಂದು ಸಲ ಕಪ್ ಗೆದ್ದದ್ದು, ಎಲ್ಲ ಕತೆಯನ್ನು ಖುಬ್ಬೂಸ್ ರೊಟ್ಟಿ ಹರಿದು ಕೋಳಿ ಗಸಿಯಲ್ಲಿ ಅದ್ದುತ್ತಾ ಹೇಳ್ತಿದ್ರು. ಆಟಗಾರರ ಹೆಸರು ನಾಲಿಗೆಗೆ ಬರ್ತಿರ್ಲಿಲ್ಲ. ಗೋಲ್‌ಕೀಪರಿಗೆ ಬೋಳಣ್ಣ ಅಂತ ಹೆಸರಿಟ್ಟಿದ್ರು. ಬಲಗಡೆ ಓಡುವವ ಬೂತಾಯಿ, ಮೀನಿನ ಹಾಗೆ ಹಿಡಿದ್ರೆ ಜಾರ್ತಿದ್ದ.

ಆ ವರ್ಷ ಕ್ಲಬ್ಬಿಗೆ ಮೂರು ಮ್ಯಾನೇಜರ್. ಪೈಪ್ ಸೇದುವವ ಹೋದ, ಉದ್ದ ಕೋಟಿನವ ಬಂದ, ಅವನನ್ನೂ ಓಡಿಸಿ ಒಬ್ಬ ಹಳೇ ಆಟಗಾರನನ್ನು ಕೂರಿಸಿದ್ರು. ಮಾವನ ಗ್ಯಾರೇಜಿನಲ್ಲೂ ಅದೇ ಕತೆ. ಹಳೇ ಕಫೀಲ್, ಅಂದ್ರೆ ವೀಸಾ ಕೊಟ್ಟ ಧಣಿ, ಗ್ಯಾರೇಜು ಮಾರಿ ಹೋದ. ಹೊಸಬನಿಗೆ ಮಾವನ ಇಕಾಮಾ, ಅಂದ್ರೆ ಅಲ್ಲಿ ಇರ್ಲಿಕ್ಕೆ ಬೇಕಾದ ಪರ್ಮಿಟ್ಟು, ರಿನ್ಯೂ ಮಾಡ್ಲಿಕ್ಕೆ ಮನಸ್ಸಿಲ್ಲ. ಅದಿಲ್ಲದಿದ್ರೆ ಗಂಟುಮೂಟೆ ಕಟ್ಟಿ ಊರಿಗೆ. ಮಂಗಳವಾರ ಬಾ, ಹೇಳ್ತೇನೆ ಅಂದಿದ್ದ. ಸೋಮವಾರ ಟಿವಿಯಲ್ಲಿ ಸೀಸನ್ನಿನ ಕೊನೆಯ ಮ್ಯಾಚು. ಡ್ರಾ ಆದ್ರೂ ಕ್ಲಬ್ಬು ಉಳೀತದೆ, ಸೋತ್ರೆ ಕೆಳಗಿನ ಡಿವಿಜನ್ನಿಗೆ.

ಭಾನುವಾರ ಬೆಳಿಗ್ಗೆ ಮಾವ ದೇವರ ಪಟದ ಹತ್ರ ಊರಿನ ದೈವಕ್ಕೆ ಮುಡಿಪು ಕಟ್ಟಿಟ್ರು.

“ಅಕ್ಕ, ಅವರು ಉಳಿದ್ರೆ ನಾನೂ ಉಳೀತೇನೆ.”

“ಅವರಿಗೂ ನಿಂಗೂ ಎಂತ ಸಂಬಂಧ ಸಂಜೀವ?”

“ಇಬ್ರಿಗೂ ಕುತ್ತಿಗೆಗೆ ಬಂದಿದೆ ಅಲ್ವಾ.”

ಅಮ್ಮ ದೀಪಕ್ಕೆ ಇನ್ನೊಂದು ಚೂರು ಎಣ್ಣೆ ಹಾಕಿದ್ರು.

ಕುವೈತಿನಲ್ಲಿ ರಜೆ ಶುಕ್ರವಾರ, ಹಾಗಾಗಿ ಅವತ್ತೇ ಶಾಲೆಯಲ್ಲಿ ಗೋವಾದ ಹುಡುಗನೊಬ್ಬ, ಬೇಡ ಬೇಡ ಅಂದ್ರೂ ಹೇಳಿಬಿಟ್ಟ. ಎರಡು-ಒಂದು. ಕೊನೆಯ ನಿಮಿಷದ ಗೋಲು. “ನಿನ್ನ ಮಾವನ ಕ್ಲಬ್ ಖಲಾಸ್.”

ಮನೆಗೆ ಬಂದ್ರೆ ಅಮ್ಮ ಮುಗಿದುಹೋದ ಆಟಕ್ಕೆ ಕೈ ಮುಗೀತಾ ಇದ್ದಾರೆ. ನನಗೆ ಹೇಳ್ಲಿಕ್ಕೂ ಇಲ್ಲ, ನುಂಗ್ಲಿಕ್ಕೂ ಇಲ್ಲ. ಆದ್ರೆ ಡ್ರಿಲ್ ಮಾಸ್ಟರ ಕುರ್ಚಿಗೆ ಅಂಟು ಬಳಿದ ತಲೆ ಇದು, ಸುಮ್ಮನೆ ಕೂತೀತಾ?

ಸೋಮವಾರ, ಮೇ ತಿಂಗಳ ಆ ಸೆಕೆಯಲ್ಲಿ ಮಾವ ಉಣ್ಣೆ ಮಫ್ಲರ್ ಸುತ್ತಿ, ಬೆವರು ಸುರಿಸ್ತಾ ಟಿವಿ ಮುಂದೆ ಕೂತ್ರು. ಅಪ್ಪ ಶುಐಬಾದ ರಿಫೈನರಿಗೆ ಡ್ಯೂಟಿಗೆ ಹೋಗಿದ್ರು. ಆಟ ಒಂದು-ಒಂದು ಆಯ್ತು. ಇನ್ನೇನು ಮುಗೀಲಿಕ್ಕೆ ಬಂತು ಅನ್ನುವಾಗ ಹೊಟ್ಟೆ ಹಿಡ್ಕೊಂಡು ಎದ್ದೆ.

“ಎಂತದಾ?”

“ಹೊಟ್ಟೆನೋವು ಮಾವ.”

“ಹೋಗು ಮಾರಾಯ, ಬೇಗ ಬಾ.”

ಓಡಿದ್ದು ಟೆರೇಸಿಗೆ. ಆಂಟೆನಾದ ಕಂಬ ಕಾವಲಿ ಹಾಗೆ ಸುಡ್ತಿತ್ತು. ಅಂಗಿ ಬಿಚ್ಚಿ ಕೈಗೆ ಸುತ್ಕೊಂಡು ಆಂಟೆನಾವನ್ನು ಸಮುದ್ರದ ಕಡೆ ತಿರುಗಿಸಿಬಿಟ್ಟೆ. ಕೆಳಗಿಂದ ಅಮ್ಮ “ಅಯ್ಯೋ, ಚಿತ್ರ ಹೋಯ್ತಲ್ಲ” ಅಂದದ್ದು ಕೇಳಿಸ್ತು. ಮಾವನ ಸ್ವರ ಕೇಳಿಸ್ಲಿಲ್ಲ. ಆಟ ಮುಗಿಯುವಷ್ಟು ಹೊತ್ತು ಕಂಬ ಹಿಡ್ಕೊಂಡೇ ನಿಂತೆ.

ಕೆಳಗೆ ಬಂದು, “ಪಕ್ಕದ ಮನೆಯಲ್ಲಿ ನೋಡಿದೆ, ಡ್ರಾ,” ಅಂದೆ. ಹುಬ್ಬು ಅಲ್ಲಾಡ್ಲಿಲ್ಲ ನನ್ನದು. ಅಷ್ಟು ಚಂದದ ಸುಳ್ಳು ಇಡೀ ಗಲ್ಫಿನಲ್ಲಿ ಇನ್ನೊಬ್ಬ ಹೇಳಿದ್ರೆ ಕರ್ಕೊಂಡು ಬನ್ನಿ. ಮಾವ ನನ್ನನ್ನೇ ನೋಡಿದ್ರು. “ಹೌದಾ,” ಅಂದ್ರು. ಮಫ್ಲರಿನಿಂದ ಮುಖ ಒರೆಸಿಕೊಂಡ್ರು.

ಮರುದಿನ ಕಫೀಲನೂ ಖಲಾಸ್ ಅಂದ.

ಏರ್‌ಪೋರ್ಟಿನಲ್ಲಿ ಮಾವ ಮಫ್ಲರ್ ತೆಗೆದು ನನ್ನ ಕುತ್ತಿಗೆಗೆ ಸುತ್ತಿದ್ರು. ಗ್ರೀಸು, ಬೆವರು, ಎಲ್ಲ ಒಟ್ಟಿಗೆ ಮೂಗಿಗೆ ಬಂತು.

“ಪೋಕ್ರಿ, ನಂಗೆ ಶನಿವಾರವೇ ಗೊತ್ತಿತ್ತು. ಗ್ಯಾರೇಜಿನಲ್ಲಿ ರೇಡಿಯೋ ಉಂಟು.”

“ಮತ್ತೆ ಮುಡಿಪು ಎಂತಕ್ಕೆ ಕಟ್ಟಿದ್ದು?”

“ಟಿವಿಯಲ್ಲಿ ಇನ್ನೂ ಸೋತಿರ್ಲಿಲ್ಲ ಅಲ್ವಾ.”

ಆಮೇಲೆ ಮಾವ ಕುವೈತಿಗೆ ಬರ್ಲಿಲ್ಲ. ಅವರ ಕ್ಲಬ್ಬೂ ಮತ್ತೆ ಮೇಲೆ ಬರ್ಲಿಲ್ಲ.

ಮೊನ್ನೆ ಕುವೈತಿನ ಎಗೈಲಾದಲ್ಲಿರುವ ಮಗನ ಫ್ಲಾಟಿನಲ್ಲಿ ಮೊಮ್ಮಗನ ಜೊತೆ ಕೂತು ಅವನ ಕ್ಲಬ್ಬಿನ ಮ್ಯಾಚು ನೋಡ್ತಿದ್ದೆ. ಎಸಿಯ ತಂಪಿಗೆ ಅಂತ ಆ ಮಫ್ಲರ್ ಸುತ್ಕೊಂಡಿದ್ದೆ. ಅದರಲ್ಲಿ ಈಗ ಎಂತ ವಾಸನೆಯೂ ಇಲ್ಲ. ಟಿವಿಯಲ್ಲಿ ಚೆಂಡು ಇನ್ನೂ ನಡು ಮೈದಾನದಲ್ಲಿ ಉಂಟು, ಹುಡುಗನ ಫೋನು ಟಿಣ್ ಅಂತು, ಟಿವಿಗಿಂತ ಅರ್ಧ ನಿಮಿಷ ಮೊದ್ಲೇ ಸೋಲಿನ ಸುದ್ದಿ.

“ಇಟ್ಸ್ ಓವರ್, ಅಜ್ಜ,” ಅಂದ. ಎದ್ದು ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡ.

ನಮಗೆ ಎರಡು ದಿನ ಸಿಗ್ತಿತ್ತು, ದೇವರ ಹತ್ರ ಕೇಳ್ಕೊಳ್ಳಿಕ್ಕೆ, ಒಬ್ಬರಿಗೊಬ್ಬರು ಸುಳ್ಳು ಹೇಳ್ಲಿಕ್ಕೆ. ಟಿವಿಯಲ್ಲಿ ಅವರು ಇನ್ನೂ ಓಡ್ತಾನೇ ಇದ್ರು. ಇಷ್ಟು ದೊಡ್ಡ ಪೋಕ್ರಿ ನಾನು, ಮುಚ್ಚಿದ ಬಾಗಿಲು ನೋಡ್ತಾ ಕೂತೆ. ಈ ಮನೆಯಲ್ಲಿ ತಿರುಗಿಸ್ಲಿಕ್ಕೆ ಒಂದು ಆಂಟೆನಾ ಇಲ್ಲ.